ಹಸಿವಿನ ಹಾರ್ಮೋನ್ ತಾಗಿದಾಗ ಎಳೆಯ ಕೊಬ್ಬಿನ ಕೋಶ ಏನು ಮಾಡುತ್ತದೆ: ಒಂದು ಪ್ಲೇಟಿನ ಲಾಗ್

ಗ್ರೆಲಿನ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಮೆದುಳು. ಹೊಟ್ಟೆ ಖಾಲಿಯಾದಾಗ ಅದು ಜಠರದಿಂದ ಹೊರಡುತ್ತದೆ, ಮೆದುಳಿಗೆ ತಲುಪುತ್ತದೆ, ನಮಗೆ ಹಸಿವಾಗುತ್ತದೆ. ಸರಿ. ಆದರೆ ಅದು ಓಡಾಡುವುದು ರಕ್ತದಲ್ಲಿ ಅಲ್ವಾ? ರಕ್ತ ಹೋದ ಕಡೆಗೆಲ್ಲ ಅದೂ ಹೋಗುತ್ತದೆ. ಕೊಬ್ಬಿನ ಅಂಗಾಂಶಕ್ಕೂ ಹೋಗುತ್ತದೆ. ಅಲ್ಲಿ ಕೊಬ್ಬು ತುಂಬಿದ ದೊಡ್ಡ ಕೋಶಗಳ ನಡುವೆ, ಇನ್ನೂ ಏನೂ ತುಂಬಿಕೊಳ್ಳದ ಎಳೆಯ ಕೋಶಗಳಿರುತ್ತವೆ. ಅವಕ್ಕೆ ಪ್ರಿಅಡಿಪೊಸೈಟ್ ಅಂತ ಹೆಸರು. ಹಸಿವಿನ ಹಾರ್ಮೋನು ಇವಕ್ಕೆ ನೇರವಾಗಿ ತಾಗಿದರೆ ಏನಾಗುತ್ತದೆ? ಮೆದುಳನ್ನೂ ಊಟವನ್ನೂ ಪಕ್ಕಕ್ಕಿಟ್ಟು ಇದೊಂದನ್ನೇ ನೋಡಬೇಕು ಅಂತ, ಕೋಶ ಬೆಳೆಸುವ ಪುಟ್ಟ ಕುಳಿಗಳಿರುವ ಈ ಪ್ಲೇಟ್ ಕಟ್ಟಿದೆವು. ಕೋಶ ಬೆಳೆಸಿ ರೂಢಿ ಇರುವವರು ಇದನ್ನು ಹಾಗೇ ಮಾಡಿ ನೋಡಬಹುದು. ಉಳಿದವರಿಗೂ ತಿಳಿಯಲಿ ಅಂತ ಪ್ರತಿ ಹೆಜ್ಜೆಗೂ ಕಾರಣ ಬರೆದಿದ್ದೇನೆ.

ಈ ಪ್ರಶ್ನೆಯನ್ನು ಸುಮ್ನೆ ಹಿಡಿದದ್ದಲ್ಲ. 2000ದಲ್ಲೇ ಇಲಿಗಳಲ್ಲಿ ಒಂದು ಸಂಗತಿ ಗೊತ್ತಾಗಿತ್ತು. ಗ್ರೆಲಿನ್ ಕೊಟ್ಟರೆ ಅವುಗಳ ಮೈಯಲ್ಲಿ ಕೊಬ್ಬು ಹೆಚ್ಚುತ್ತದೆ. ಜಾಸ್ತಿ ತಿಂದದ್ದಷ್ಟೇ ಅದಕ್ಕೆ ಕಾರಣವಾಗಿರಲಿಲ್ಲ, ಕೊಬ್ಬನ್ನು ಇಂಧನವಾಗಿ ಬಳಸುವುದೂ ಕಡಿಮೆಯಾಗಿತ್ತು. ಇನ್ನೊಂದು ಸಂಗತಿ 2008ರದ್ದು. ಹಿಂದಿನ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ನಮ್ಮ ಕೋಶಗಳ ಡಿಎನ್‌ಎಯಲ್ಲೂ ಉಳಿದಿದೆ. ಸ್ವೀಡನ್ನಿನ ಕರೊಲಿನ್‌ಸ್ಕಾ ಸಂಸ್ಥೆಯವರು ಅದನ್ನು ಅಳೆದು ಕೊಬ್ಬಿನ ಕೋಶಗಳ ವಯಸ್ಸು ಲೆಕ್ಕ ಹಾಕಿದರು. ದೊಡ್ಡವರಲ್ಲಿ ಕೊಬ್ಬಿನ ಕೋಶಗಳ ಒಟ್ಟು ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೂ ವರ್ಷಕ್ಕೆ ಸುಮಾರು 10% ಕೋಶಗಳು ಸತ್ತು, ಅವುಗಳ ಜಾಗಕ್ಕೆ ಹೊಸವು ಬರುತ್ತವೆ. ಅಂದರೆ ನಮ್ಮ ಮೈಯಲ್ಲಿ ಈ ಎಳೆಯ ಕೋಶಗಳು ನಾವು ಬದುಕಿರುವಷ್ಟು ದಿನವೂ ಕೊಬ್ಬಿನ ಕೋಶಗಳಾಗುತ್ತಲೇ ಇರುತ್ತವೆ. ಆ ಹೊತ್ತಿನಲ್ಲಿ ರಕ್ತದಲ್ಲಿ ಏನಿದೆ ಅನ್ನುವುದು ಸಣ್ಣ ವಿಷಯವಲ್ಲ.

ಯಾವ ಕೋಶ, ಯಾವ ಹಾರ್ಮೋನು

ಕೋಶದ ಆಯ್ಕೆಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. 3ಟಿ3-ಎಲ್1. ಇಲಿಯ ಭ್ರೂಣದಿಂದ ಬಂದ ಈ ಕೋಶಗಳನ್ನು 1974ರಲ್ಲಿ ಹೊವರ್ಡ್ ಗ್ರೀನ್ ಮತ್ತು ಜೊತೆಗಾರರು ಬೇರ್ಪಡಿಸಿದರು. ಪ್ಲೇಟಿನ ತಳಕ್ಕೆ ಅಂಟಿಕೊಂಡು ಉದ್ದುದ್ದ ಬೆಳೆಯುತ್ತವೆ. ಒಂದಕ್ಕೊಂದು ತಾಗಿದ ಮೇಲೆ ವಿಭಜನೆ ನಿಲ್ಲಿಸುತ್ತವೆ. ಸರಿಯಾದ ಸೂಚನೆ ಸಿಕ್ಕರೆ ಒಂದು ವಾರ ಹತ್ತು ದಿನದಲ್ಲಿ ಕೊಬ್ಬು ತುಂಬಿದ ದುಂಡು ಕೋಶಗಳಾಗುತ್ತವೆ.

ಹಾರ್ಮೋನುಗಳಲ್ಲಿ ಎರಡನ್ನು ತೆಗೆದುಕೊಂಡೆವು. ಮೊದಲನೆಯದು ಗ್ರೆಲಿನ್. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರ ತಂಡ ಜಠರದಲ್ಲಿ ಕಂಡುಹಿಡಿದದ್ದು. 28 ಅಮೈನೊ ಆಮ್ಲಗಳ ಸಣ್ಣ ಸರಪಳಿ, ಅಂದರೆ ಪೆಪ್ಟೈಡ್. ಅದರ ಮೂರನೇ ಅಮೈನೊ ಆಮ್ಲ ಸೆರಿನ್. ಅದಕ್ಕೆ ಎಂಟು ಕಾರ್ಬನ್‌ಗಳ ಒಂದು ಕೊಬ್ಬಿನ ಆಮ್ಲ ಅಂಟಿಕೊಂಡಿರುತ್ತದೆ. ಈ ಬಾಲ ಇದ್ದರೆ ಮಾತ್ರ ಗ್ರೆಲಿನ್ ಮೆದುಳಿನಲ್ಲಿರುವ ತನ್ನ ರಿಸೆಪ್ಟರನ್ನು (ಹಾರ್ಮೋನು ಬಂದು ಕೂರುವ, ಕೋಶದ ಮೇಲಿನ ಪ್ರೋಟೀನು) ಸರಿಯಾಗಿ ಹಿಡಿಯುತ್ತದೆ. ಬಾಲ ಕಳಚಿದ ರೂಪಕ್ಕೆ ಡೆಸ್-ಅಸೈಲ್ ಗ್ರೆಲಿನ್ ಅನ್ನುತ್ತಾರೆ. ರಕ್ತದಲ್ಲಿ ಜಾಸ್ತಿ ಇರುವುದು ಇದೇ. ಬಹಳ ಕಾಲ ಇದನ್ನು ಕೆಲಸಕ್ಕೆ ಬಾರದ ಉಳಿಕೆ ಅಂತಲೇ ನೋಡುತ್ತಿದ್ದರು. ಕೊಬ್ಬಿನ ಕೋಶದ ಮಟ್ಟಿಗೆ ಅದು ತಪ್ಪು. 2004ರಲ್ಲಿ ಇಲಿಗಳ ಕಾಲಿನ ಮೂಳೆಯ ಮಜ್ಜೆಯೊಳಗೆ ಎರಡೂ ರೂಪಗಳನ್ನು ಹರಿಸಿ ನೋಡಿದರು. ಎರಡರಿಂದಲೂ ಅಲ್ಲಿ ಕೊಬ್ಬು ಹೆಚ್ಚಿತು. ಆ ಮೆದುಳಿನ ರಿಸೆಪ್ಟರನ್ನೇ ಒತ್ತುವ ಕೃತಕ ಔಷಧ ಹರಿಸಿದಾಗ ಹೆಚ್ಚಲಿಲ್ಲ. ಅಂದರೆ ಕೊಬ್ಬಿನ ಕೋಶಕ್ಕೆ ಗ್ರೆಲಿನ್ ಕೇಳಿಸುವ ದಾರಿ ಬೇರೆ ಇರಬಹುದು. ಅದಕ್ಕೇ ನಮ್ಮ ಪ್ಲೇಟಿನಲ್ಲಿ ಎರಡೂ ರೂಪಗಳಿಗೆ ಸಮಾನ ಜಾಗ.

ಎರಡನೆಯದು ನ್ಯೂರೊಪೆಪ್ಟೈಡ್ ವೈ, 36 ಅಮೈನೊ ಆಮ್ಲಗಳದ್ದು. ಮೆದುಳಿನ ಹೈಪೊಥಲಾಮಸ್‌ನಲ್ಲಿ ಹಸಿವನ್ನು ಜೋರಾಗಿ ಎಬ್ಬಿಸುವ ಪೆಪ್ಟೈಡ್ ಇದು. ಕಟ್ಟುನಿಟ್ಟಾಗಿ ಹೇಳಿದರೆ ಹಾರ್ಮೋನಿಗಿಂತ ನರಗಳ ಸಂದೇಶವಾಹಕ. ಆದರೆ ಕೊಬ್ಬಿನ ಅಂಗಾಂಶಕ್ಕೆ ಬರುವ, ಒತ್ತಡದ ಹೊತ್ತಿನಲ್ಲಿ ಚುರುಕಾಗುವ ಸಿಂಪಥೆಟಿಕ್ ನರಗಳ ತುದಿಯಿಂದಲೂ ಹೊರಬರುತ್ತದೆ. 2007ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿತು. ಒತ್ತಡಕ್ಕೆ ಸಿಕ್ಕಿ, ಜೊತೆಗೆ ಕೊಬ್ಬು ಸಕ್ಕರೆಯ ಆಹಾರ ತಿಂದ ಇಲಿಗಳ ಹೊಟ್ಟೆಯ ಕೊಬ್ಬು ಬೆಳೆಯುವುದರಲ್ಲಿ ಈ ನರದ ತುದಿಯ ಪೆಪ್ಟೈಡಿನ ಕೈ ಇತ್ತು. ಅದರ ವೈ2 ರಿಸೆಪ್ಟರನ್ನು ಅಲ್ಲೇ ತಡೆದಾಗ ಆ ಬೆಳವಣಿಗೆ ತಗ್ಗಿತು.

ಲೆಪ್ಟಿನ್ ಬಿಟ್ಟೆವು. ಅದು ಕೊಬ್ಬಿನ ಕೋಶವೇ ಮಾಡುವ, ಹಸಿವನ್ನು ತಗ್ಗಿಸುವ ಹಾರ್ಮೋನು. ಅದಕ್ಕೆ ಬೇರೆಯದೇ ಪ್ಲೇಟ್ ಬೇಕು.

ಕಾಕ್‌ಟೇಲನ್ನು ತೆಳುಮಾಡುವುದು

3ಟಿ3-ಎಲ್1 ಕೋಶಗಳನ್ನು ಕೊಬ್ಬಿನ ಕೋಶಗಳಾಗಿ ತಿರುಗಿಸಲು ಮೂರು ವಸ್ತುಗಳ ಕಾಕ್‌ಟೇಲ್ ಹಾಕುವುದು ಎಲ್ಲ ಲ್ಯಾಬ್‌ಗಳ ಪದ್ಧತಿ. ಐಬಿಎಂಎಕ್ಸ್ 0.5 ಮಿಲಿಮೋಲಾರ್ (ಮೋಲಾರ್ ಅಂದರೆ ದ್ರಾವಣದ ಗಾಢತೆಯ ಅಳತೆ), ಡೆಕ್ಸಾಮೆಥಾಸೋನ್ 1 ಮೈಕ್ರೊಮೋಲಾರ್, ಇನ್ಸುಲಿನ್ ಮಿಲಿಲೀಟರಿಗೆ 10 ಮೈಕ್ರೊಗ್ರಾಂ. ಐಬಿಎಂಎಕ್ಸ್ ಕೋಶದೊಳಗೆ ಸೈಕ್ಲಿಕ್ ಎಎಂಪಿ ಅನ್ನುವ ಸಂದೇಶದ ಅಣುವನ್ನು ಏರಿಸುತ್ತದೆ. ಡೆಕ್ಸಾಮೆಥಾಸೋನ್ ಕಾರ್ಟಿಸಾಲ್‌ನ ಕೆಲಸ ಮಾಡುತ್ತದೆ. ಇನ್ಸುಲಿನ್ ಇಷ್ಟು ಹೆಚ್ಚು ಇರುವುದಕ್ಕೂ ಕಾರಣವಿದೆ. ಎಳೆಯ ಕೋಶದಲ್ಲಿ ಇನ್ಸುಲಿನ್ ರಿಸೆಪ್ಟರ್‌ಗಳು ಕಡಿಮೆ, ಹಾಗಾಗಿ ಅದು ತನ್ನನ್ನು ಹೋಲುವ ಐಜಿಎಫ್-1 ಅನ್ನುವ ಹಾರ್ಮೋನಿನ ರಿಸೆಪ್ಟರ್ ಮೂಲಕ ಕೆಲಸ ಮಾಡಬೇಕು.

ಇದನ್ನು ಪೂರ್ತಿ ಹಾಕಿದರೆ ಹೆಚ್ಚಿನೆಲ್ಲ ಕೋಶಗಳೂ ತಿರುಗಿಬಿಡುತ್ತವೆ. ಆಗ ಹಾರ್ಮೋನಿಗೆ ಹೆಚ್ಚಿಸಲು ಏನೂ ಉಳಿಯುವುದಿಲ್ಲ. ಏನೂ ಹಾಕದಿದ್ದರೆ ಹೆಚ್ಚುಕಡಿಮೆ ಒಂದೂ ತಿರುಗುವುದಿಲ್ಲ, ಆಗ ತಗ್ಗಿಸಲು ಏನೂ ಇರುವುದಿಲ್ಲ. ನಮಗೆ ಬೇಕಿದ್ದು ನಡುವಿನ ಜಾಗ. ಡೆಕ್ಸಾಮೆಥಾಸೋನ್ ಮತ್ತು ಇನ್ಸುಲಿನ್ ಹಾಗೇ ಇಟ್ಟು, ಐಬಿಎಂಎಕ್ಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಬಂದೆವು. ಸುಮಾರು ಅರ್ಧದಷ್ಟು ಕೋಶಗಳು ಮಾತ್ರ ಕೊಬ್ಬು ತುಂಬಿಕೊಳ್ಳುವ ಮಟ್ಟ ಸಿಕ್ಕಲ್ಲಿ ನಿಲ್ಲಿಸಿದೆವು. ಆ ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ. ಸೀರಮ್ (ಕೋಶ ಬೆಳೆಯಲು ಹಾಕುವ, ರಕ್ತದ ತಿಳಿ ದ್ರವ) ಬ್ಯಾಚ್ ಬದಲಾದರೆ ಅದೂ ಬದಲಾಗುತ್ತದೆ. ನಿಮ್ಮ ಕೋಶ, ನಿಮ್ಮ ಸೀರಮ್ ಇಟ್ಟುಕೊಂಡು ನೀವೇ ಹುಡುಕಬೇಕು. ಈ ಒಂದು ಹೆಜ್ಜೆಗೆ ಹೋಗುವ ಸಮಯ ಬೇಸರ ತರಿಸುತ್ತದೆ. ಆದರೆ ಇದನ್ನು ಬಿಟ್ಟು ಮುಂದೆ ಹೋದರೆ ಉಳಿದ ಶ್ರಮವೆಲ್ಲ ವ್ಯರ್ಥ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಒಂದೇ ಕೋಶದಲ್ಲಿ ಒಬ್ಬರಿಗೆ ಗ್ರೆಲಿನ್‌ನಿಂದ ಕೊಬ್ಬು ಹೆಚ್ಚಿ, ಇನ್ನೊಬ್ಬರಿಗೆ ಕಡಿಮೆಯಾಗಿ ಕಾಣುವುದಕ್ಕೆ ಕಾಕ್‌ಟೇಲ್‌ನ ಬಲವೂ ಒಂದು ಕಾರಣ ಇರಬೇಕು ಅನ್ನುವುದು ನನ್ನ ಅಂದಾಜು. 2004ರಲ್ಲೇ ಇಂಥ ಎರಡೂ ಬಗೆಯ ವರದಿಗಳು ಬಂದಿವೆ.

ಇನ್ನೊಂದು ಮಾತು. ಈ ಕಾಕ್‌ಟೇಲ್‌ನಲ್ಲಿರುವ ಇನ್ಸುಲಿನ್ ಉಂಡ ಹೊತ್ತಿನ ಹಾರ್ಮೋನು. ಡೆಕ್ಸಾಮೆಥಾಸೋನ್ ಅನುಕರಿಸುವ ಕಾರ್ಟಿಸಾಲ್ ಉಪವಾಸದಲ್ಲೂ ಒತ್ತಡದಲ್ಲೂ ಏರುವಂಥದ್ದು. ಎರಡನ್ನೂ ಒಟ್ಟಿಗೆ ಸುರಿದು ಅದರ ಮೇಲೆ ಹಸಿವಿನ ಹಾರ್ಮೋನು ಹಾಕುತ್ತಿದ್ದೇವೆ. ಮೈಯಲ್ಲಿ ಇವು ಹೀಗೆ ಒಟ್ಟಿಗೆ ಬರುವುದು ಅಪರೂಪ. ಫಲಿತಾಂಶ ಓದುವಾಗ ಇದು ತಲೆಯಲ್ಲಿರಬೇಕು.

ಪ್ಲೇಟಿನ ನಕ್ಷೆ

48 ವೆಲ್‌ಗಳ, ಅಂದರೆ ಪುಟ್ಟ ಕುಳಿಗಳ, ಪ್ಲೇಟ್ ತೆಗೆದುಕೊಂಡೆವು. ಆರು ಅಡ್ಡ ಸಾಲು, ಎಂಟು ಕಂಬಸಾಲು. ಅಂಚಿನ ವೆಲ್‌ಗಳಲ್ಲಿ ನೀರು ಬೇಗ ಆರುತ್ತದೆ, ಅಲ್ಲಿನ ಕೋಶಗಳು ಬೇರೆ ಥರ ನಡೆದುಕೊಳ್ಳುತ್ತವೆ. ಅದಕ್ಕೇ ಅಂಚನ್ನು ಪೂರ್ತಿ ಬಿಟ್ಟು, ಒಳಗಿನ 24ರಲ್ಲಿ ಮಾತ್ರ ಕೋಶ ಹಾಕಿದೆವು. ಅಂಚಿಗೆ ಬರೀ ಬಫರ್, ಅಂದರೆ ಉಪ್ಪಿನ ದ್ರಾವಣ. ಅದರಲ್ಲೇ ನಾಲ್ಕಕ್ಕೆ ಕೋಶವಿಲ್ಲದ ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಹಾಕಿಟ್ಟೆವು. ಅವು ಕೊನೆಗೆ ಬಣ್ಣ ಹಾಕುವಾಗ ಬೇಕಾಗುತ್ತವೆ.

ಒಳಗಿನ ನಾಲ್ಕು ಸಾಲುಗಳೇ ಈ ಕೆಲಸದ ಹೃದಯ. ಪ್ರತಿ ಸಾಲಿಗೂ ಹಾರ್ಮೋನು ಸಿಗುವ ಹೊತ್ತು ಬೇರೆ.

ಬಿ ಸಾಲಿಗೆ ಹಾರ್ಮೋನು ಇಲ್ಲವೇ ಇಲ್ಲ, ಅದನ್ನು ಕರಗಿಸಿದ ದ್ರಾವಣ ಮಾತ್ರ. ಸಿ ಸಾಲಿಗೆ ಕೋಶಗಳು ಇನ್ನೂ ವಿಭಜನೆಯಾಗಿ ಹೆಚ್ಚುತ್ತಿರುವಾಗ. ಡಿ ಸಾಲಿಗೆ ಕಾಕ್‌ಟೇಲ್ ಇರುವ 48 ಗಂಟೆ. ಇ ಸಾಲಿಗೆ ತಿರುವು ಮುಗಿದು ಕೊಬ್ಬು ತುಂಬಿಕೊಳ್ಳುವಾಗ, ದಿನ 4ರಿಂದ ದಿನ 8ರವರೆಗೆ.

ಹೀಗೆ ಯಾಕೆ? ಕಾಕ್‌ಟೇಲ್ ಬಿದ್ದ ಕೆಲವೇ ಗಂಟೆಗಳಲ್ಲಿ ಸಿ/ಇಬಿಪಿ ಬೀಟಾ ಮತ್ತು ಡೆಲ್ಟಾ ಅನ್ನುವ, ಜೀನುಗಳನ್ನು ಚಾಲೂ ಮಾಡುವ ಪ್ರೋಟೀನುಗಳು ಏಳುತ್ತವೆ. ಆಮೇಲೆ ಒಂದು ವಿಚಿತ್ರ ನಡೆಯುತ್ತದೆ. ಒತ್ತೊತ್ತಾಗಿ ನಿಂತು ವಿಭಜನೆ ನಿಲ್ಲಿಸಿದ್ದ ಕೋಶಗಳು ಮತ್ತೆ ಒಂದೆರಡು ಸಲ ವಿಭಜನೆಯಾಗುತ್ತವೆ. ಅದಾದ ಮೇಲೆ ಅಂಥವೇ ಇನ್ನೆರಡು, ಪಿಪಿಎಆರ್ ಗಾಮಾ ಮತ್ತು ಸಿ/ಇಬಿಪಿ ಆಲ್ಫಾ, ಏಳುತ್ತವೆ. ಇವೆರಡೂ ಒಂದನ್ನೊಂದು ಎತ್ತಿಹಿಡಿಯುತ್ತವೆ. ಒಮ್ಮೆ ಇಬ್ಬರೂ ನಿಂತರೆ ಕೋಶಕ್ಕೆ ಹಿಂದಿರುಗುವ ದಾರಿ ಸಾಮಾನ್ಯವಾಗಿ ಇಲ್ಲ. ಕೊಬ್ಬಿನ ಕೋಶವಾಗಬೇಕೋ ಬೇಡವೋ ಅನ್ನುವ ತೀರ್ಮಾನ ಅಲ್ಲಿಗೆ ಮುಗಿಯಿತು. ಅದರ ನಂತರ ಬಂದ ಹಾರ್ಮೋನು ಎಷ್ಟು ತುಂಬಬೇಕು ಅನ್ನುವುದನ್ನು ಬದಲಿಸಬಹುದು, ಆಗಬೇಕೋ ಅನ್ನುವುದನ್ನಲ್ಲ. ತೀರ್ಮಾನಕ್ಕೂ ಮುಂಚೆ ಬಂದರೆ ಎಷ್ಟು ಕೋಶಗಳು ಸಾಲಿನಲ್ಲಿ ನಿಂತಿವೆ ಅನ್ನುವುದನ್ನು ಬದಲಿಸಬಹುದು. ಹಾರ್ಮೋನು ಒಂದೇ, ಕೆಲಸ ಮೂರು ಬೇರೆ ಬೇರೆ. ಮೂರನ್ನೂ ಕಲೆಸಿ ಮೊದಲ ದಿನದಿಂದ ಕೊನೆಯವರೆಗೆ ಹಾರ್ಮೋನು ಹಾಕಿಟ್ಟರೆ ಏನು ಅರ್ಥವಾಗುತ್ತದೆ?

ಕಂಬಸಾಲುಗಳಲ್ಲಿ ಮೊದಲ ಮೂರಕ್ಕೆ ಬಾಲ ಇರುವ ಗ್ರೆಲಿನ್, ಮುಂದಿನ ಮೂರಕ್ಕೆ ಬಾಲ ಇಲ್ಲದ್ದು. ಎರಡನೇ ಪ್ಲೇಟ್ ಇದೇ ನಕ್ಷೆಯಲ್ಲಿ ನ್ಯೂರೊಪೆಪ್ಟೈಡ್ ವೈಗೆ. ಹೋಲಿಕೆಗೆ ಇಟ್ಟ ಮೂರನೇ ಪ್ಲೇಟಿನಲ್ಲಿ ಕಾಕ್‌ಟೇಲ್ ಇಲ್ಲದ ವೆಲ್‌ಗಳು, ಪೂರ್ತಿ ಕಾಕ್‌ಟೇಲ್ ಇರುವವು, ಮತ್ತು ಪಿಪಿಎಆರ್ ಗಾಮಾವನ್ನು ನೇರವಾಗಿ ಒತ್ತುವ ರೋಸಿಗ್ಲಿಟಜೋನ್ ಹಾಕಿದವು. ಮೂರನ್ನೂ ಒಂದೇ ದಿನ, ಒಂದೇ ಬಾಟಲಿಯ ಬಣ್ಣದಲ್ಲಿ ಮುಗಿಸಬೇಕು. ಜೊತೆಗೆ ಗ್ರೆಲಿನ್ ಪ್ಲೇಟಿಗೂ ನ್ಯೂರೊಪೆಪ್ಟೈಡ್ ಪ್ಲೇಟಿಗೂ ಒಂದೊಂದು ಜೋಡಿ ಪ್ಲೇಟ್ ಇತ್ತು. ನಡುದಾರಿಯಲ್ಲೇ ನಿಲ್ಲಿಸಿ ಕೋಶ ಎಣಿಸಲಿಕ್ಕೆ.

ಪುಡಿಯಿಂದ ದ್ರಾವಣ

ಪೆಪ್ಟೈಡ್ ಟ್ಯೂಬ್ ತೆರೆಯುವ ಮುಂಚೆ ಒಂದು ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ. ಪುಡಿ ಮುಚ್ಚಳಕ್ಕೆ ಅಂಟಿರುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ.

ಲೆಕ್ಕ ಹೀಗೆ. ಮನುಷ್ಯರ ಬಾಲಸಹಿತ ಗ್ರೆಲಿನ್‌ನ ಅಣುತೂಕ ಸುಮಾರು 3371. ಟ್ಯೂಬಿನಲ್ಲಿ 0.1 ಮಿಲಿಗ್ರಾಂ ಇದ್ದರೆ, 297 ಮೈಕ್ರೊಲೀಟರ್ ದ್ರಾವಣದಲ್ಲಿ ಕರಗಿಸಿದಾಗ 100 ಮೈಕ್ರೊಮೋಲಾರ್ ಬರಬೇಕು. ಆದರೆ ಪುಡಿಯ ತೂಕದಲ್ಲಿ ಪೂರ್ತಿ ಪೆಪ್ಟೈಡೇ ಇರುವುದಿಲ್ಲ. ಉಪ್ಪು, ನೀರು ಸೇರಿರುತ್ತವೆ. ಜೊತೆಗೆ ಬರುವ ಕಾಗದದಲ್ಲಿ ನಿಜವಾದ ಪೆಪ್ಟೈಡ್ ಎಷ್ಟು ಶೇಕಡಾ ಅಂತ ಇರುತ್ತದೆ. ಅದು 80% ಆಗಿದ್ದರೆ 297 ಅಲ್ಲ, ಸುಮಾರು 237 ಮೈಕ್ರೊಲೀಟರ್. ಈ ವ್ಯತ್ಯಾಸವನ್ನು ಬಿಟ್ಟರೆ ಎರಡು ರೂಪಗಳ ಹೋಲಿಕೆಯೇ ತಪ್ಪುತ್ತದೆ. ಎರಡರ ಶುದ್ಧತೆಯೂ ಒಂದೇ ಇರುವುದು ಕಡಿಮೆ.

ಈ ಪೆಪ್ಟೈಡುಗಳು ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತವೆ. ತೆಳು ದ್ರಾವಣದಲ್ಲಿ ಇದು ಜಾಸ್ತಿ ಕಾಡುತ್ತದೆ. ಅಂಟದ ಟ್ಯೂಬುಗಳನ್ನು ಬಳಸಿ, ಬಫರಿಗೆ 0.1% ಆಲ್ಬುಮಿನ್ ಸೇರಿಸಿದೆವು. ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಟ್ಟೆವು. ಒಮ್ಮೆ ಕರಗಿಸಿದ ಪಾಲನ್ನು ಮತ್ತೆ ಹೆಪ್ಪುಗಟ್ಟಿಸುವುದಿಲ್ಲ. ವೆಲ್‌ಗಳಿಗೆ ಕೊನೆಗೆ ತಲುಪಿದ್ದು 10 ನ್ಯಾನೊಮೋಲಾರ್. ರಕ್ತದಲ್ಲಿ ಗ್ರೆಲಿನ್ ಇರುವುದು ಪೈಕೊಮೋಲಾರ್ ಮಟ್ಟದಲ್ಲಿ. ನಮ್ಮದು ಅದಕ್ಕಿಂತ ಬಹಳ ಹೆಚ್ಚು. ಇಷ್ಟು ಯಾಕೆ ಹಾಕಿದೆವು ಅನ್ನುವುದಕ್ಕೆ ಉತ್ತರ ಮುಂದಿದೆ.

ಸೀರಮ್ ಮಾಡುವ ಕೆಲಸ

ಕೋಶ ಬೆಳೆಸಲು ಮೀಡಿಯಂಗೆ 10% ಸೀರಮ್ ಹಾಕುತ್ತೇವೆ. ಬೆಳೆಸುವಾಗ ಕರುವಿನ ಸೀರಮ್, ತಿರುಗಿಸುವಾಗ ಭ್ರೂಣದ ಸೀರಮ್. ಸೀರಮ್ಮಿನಲ್ಲಿ ಎಸ್ಟರೇಸ್ ಕಿಣ್ವಗಳಿವೆ. ಅವು ಗ್ರೆಲಿನ್‌ನ ಬಾಲವನ್ನು ಕತ್ತರಿಸುತ್ತವೆ. ರಕ್ತದ ಮಾದರಿಯಲ್ಲಿ ಗ್ರೆಲಿನ್ ಅಳೆಯುವವರು ತೆಗೆದ ಕೂಡಲೇ ಆಮ್ಲ ಹಾಕಿ, ಕಿಣ್ವ ತಡೆಯುವ ಔಷಧ ಸೇರಿಸುವುದು ಇದೇ ಕಾರಣಕ್ಕೆ. ಕಲ್ಚರ್ ವೆಲ್‌ನಲ್ಲಿ ಹಾಗೆ ಮಾಡಲು ಬರುವುದಿಲ್ಲ. ಕೋಶ ಸತ್ತುಹೋಗುತ್ತದೆ.

ನ್ಯೂರೊಪೆಪ್ಟೈಡ್ ವೈಗೂ ಇಂಥದ್ದೇ ಪಾಡು. ಡಿಪಿಪಿ4 ಅನ್ನುವ ಕಿಣ್ವ ಅದರ ತಲೆಯ ಕಡೆಯ ಎರಡು ಅಮೈನೊ ಆಮ್ಲಗಳನ್ನು ಕತ್ತರಿಸುತ್ತದೆ. ಕತ್ತರಿಸಿದ ರೂಪ ವೈ1 ರಿಸೆಪ್ಟರನ್ನು ಸರಿಯಾಗಿ ಹಿಡಿಯುವುದಿಲ್ಲ, ವೈ2 ಮತ್ತು ವೈ5ನ್ನು ಮಾತ್ರ ಹಿಡಿಯುತ್ತದೆ. ಈ ಕಿಣ್ವ ಸೀರಮ್ಮಿನಲ್ಲೂ ಇದೆ, ಕೊಬ್ಬಿನ ಕೋಶಗಳ ಮೇಲೂ ಇದೆ. ಅಂದರೆ ಬೆಳಿಗ್ಗೆ ಹಾಕಿದ ಪೆಪ್ಟೈಡು ಒಂದು ಬಾಗಿಲು ತಟ್ಟಿದರೆ, ಸಂಜೆ ಹೊತ್ತಿಗೆ ಅದೇ ಪೆಪ್ಟೈಡು ಇನ್ನೊಂದು ಬಾಗಿಲು ತಟ್ಟುತ್ತಿರಬಹುದು.

ಜೊತೆಗೆ ಕೆಲಸ ಮಾಡುವ ವಿದ್ಯಾರ್ಥಿನಿ ಇದನ್ನು ಕೇಳಿ, "ಮೇಡಂ, ನಾವು ಹಾಕಿದ್ದು ಒಂದು, ಕೋಶಕ್ಕೆ ಸಿಕ್ಕಿದ್ದು ಇನ್ನೊಂದು ಅಂದ್ರೆ ರಿಸಲ್ಟನ್ನ ಯಾರ ಹೆಸರಲ್ಲಿ ಬರೆಯೋದು?" ಅಂದಳು. ಇದಕ್ಕಿಂತ ಒಳ್ಳೆಯ ಪ್ರಶ್ನೆ ಈ ಇಡೀ ಕೆಲಸದಲ್ಲಿ ಬರಲಿಲ್ಲ. ಟ್ಯೂಬಿನ ಮೇಲೆ ಬರೆದ ಹೆಸರನ್ನು ನಂಬಿ ಕೂರುವ ಹಾಗಿಲ್ಲ. ಯಾವ ರೂಪದಲ್ಲಿ, ಯಾವ ಹೊತ್ತಿಗೆ ಕೋಶಕ್ಕೆ ತಾಗಿತು ಅನ್ನುವುದನ್ನೇ ನೋಡಬೇಕು.

ಅದಕ್ಕೇ ಒಂದು ಸಣ್ಣ ಪಕ್ಕದ ಪ್ರಯೋಗ ಸೇರಿಸಿದೆವು. ಕೋಶವಿಲ್ಲದ ಮೀಡಿಯಂಗೆ ಬಾಲಸಹಿತ ಗ್ರೆಲಿನ್ ಹಾಕಿ, ಅದೇ ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿಯಲ್ಲಿಟ್ಟೆವು. ಆಗಾಗ ಸ್ವಲ್ಪ ತೆಗೆದು, ಕೂಡಲೇ ಆಮ್ಲ ಮತ್ತು ತಡೆ ಔಷಧ ಇರುವ ಟ್ಯೂಬಿಗೆ ಹಾಕಿದೆವು. ಆಮೇಲೆ ಬಾಲ ಇರುವುದನ್ನು ಮಾತ್ರ ಗುರುತಿಸುವ ಕಿಟ್‌ನಲ್ಲಿ ಅಳೆದೆವು. ಮರುದಿನದ ಹೊತ್ತಿಗೆ ಮಟ್ಟ ಸ್ಪಷ್ಟವಾಗಿ ಇಳಿದಿತ್ತು. ಎರಡು ಸೀರಮ್ ಬ್ಯಾಚ್‌ಗಳಲ್ಲಿ ಇಳಿದ ವೇಗವೂ ಒಂದೇ ಇರಲಿಲ್ಲ. ಹಾಗಾಗಿ ಎರಡು ನಿರ್ಧಾರ. ಹಾರ್ಮೋನಿನ ಕಾಲದಲ್ಲಿ ದಿನಕ್ಕೆ ಎರಡು ಸಲ ಹೊಸದಾಗಿ ಹಾಕುವುದು. ಪ್ರಮಾಣವನ್ನು ರಕ್ತದ ಮಟ್ಟಕ್ಕಿಂತ ಮೇಲೆ ಇಡುವುದು.

ದಿನಚರಿ

ಪ್ರತಿ ವೆಲ್‌ಗೆ 10,000 ಕೋಶ, 0.3 ಮಿಲಿಲೀಟರ್ ಮೀಡಿಯಂ. ತಟ್ಟೆಯಲ್ಲಿ ಬೆಳೆಸುವಾಗ ಈ ಕೋಶಗಳು ಒತ್ತೊತ್ತಾಗುವ ಮುಂಚೆಯೇ ಬೇರೆ ತಟ್ಟೆಗಳಿಗೆ ಹಂಚಿಬಿಡಬೇಕು. ಒಮ್ಮೆ ಒತ್ತಿ ನಿಂತ ಕೋಶಗಳನ್ನು ಮತ್ತೆ ಬೆಳೆಸಿದರೆ ಕೊಬ್ಬಾಗುವ ಗುಣ ಕಡಿಮೆಯಾಗುತ್ತದೆ. ತುಂಬ ಸಲ ಹಂಚಿದ ಹಳೆಯ ಕೋಶಗಳೂ ಬೇಡ.

ಮರುದಿನ ಬೆಳಿಗ್ಗೆ ಅಂಟಿಕೊಂಡಿದ್ದವು. ಸಿ ಸಾಲಿಗೆ ಹಾರ್ಮೋನು ಶುರು. ಉಳಿದ ಸಾಲುಗಳಿಗೆ ಅದೇ ಹೊತ್ತಿಗೆ, ಅದೇ ಪ್ರಮಾಣದ ಖಾಲಿ ದ್ರಾವಣ. ಪಿಪೆಟ್ ಮುಟ್ಟುವುದೂ ಕೋಶಕ್ಕೆ ಒಂದು ಅಲುಗಾಟ, ಅದು ಎಲ್ಲರಿಗೂ ಸಮ ಆಗಿರಬೇಕು.

ತಳ ತುಂಬಿದ ದಿನ ಹಾರ್ಮೋನು ನಿಲ್ಲಿಸಿ, ಮೀಡಿಯಂ ಬದಲಿಸಿ, ಎರಡು ದಿನ ಹಾಗೇ ಬಿಟ್ಟೆವು. ಕೋಶಗಳು ವಿಭಜನೆಯನ್ನು ಪೂರ್ತಿ ನಿಲ್ಲಿಸಲಿ ಅಂತ. ಆಮೇಲೆ ದಿನ 0, ತೆಳುಮಾಡಿದ ಕಾಕ್‌ಟೇಲ್, ಡಿ ಸಾಲಿಗೆ ಹಾರ್ಮೋನೂ ಜೊತೆಗೆ. ಐಬಿಎಂಎಕ್ಸ್ ನೀರಿನಲ್ಲಿ ಕರಗುವುದಿಲ್ಲ, ಡಿಎಂಎಸ್ಒ ಅನ್ನುವ ದ್ರಾವಕದಲ್ಲಿ ಕರಗಿಸಿಟ್ಟಿದ್ದೆವು. ತಣ್ಣಗಿನ ಮೀಡಿಯಂಗೆ ಹಾಕಿದರೆ ಹರಳು ಕಟ್ಟುತ್ತದೆ. ಬೆಚ್ಚಗಿನದಕ್ಕೆ ಹನಿ ಹನಿಯಾಗಿ ಹಾಕಬೇಕು.

ದಿನ 2ಕ್ಕೆ ಕಾಕ್‌ಟೇಲ್ ತೆಗೆದು ಬರೀ ಇನ್ಸುಲಿನ್. ದಿನ 4ಕ್ಕೆ ಇನ್ಸುಲಿನ್ ಕೂಡ ಇಲ್ಲ, ಸೀರಮ್ ಇರುವ ಮೀಡಿಯಂ ಮಾತ್ರ. ಇ ಸಾಲಿಗೆ ಹಾರ್ಮೋನು ಶುರುವಾದದ್ದು ಆಗ.

ಮೈಕ್ರೊಸ್ಕೋಪಿನಲ್ಲಿ ನೋಡುವಾಗ ನನಗೆ ಈಗಲೂ ಮೈ ಜುಂ ಅನ್ನುವ ಘಟ್ಟ ದಿನ 4ರಿಂದ ಮುಂದೆ ಬರುತ್ತದೆ. ಉದ್ದಕ್ಕೆ ಚಾಚಿದ್ದ ಕೋಶ ತನ್ನ ತುದಿಗಳನ್ನು ಒಳಗೆಳೆದುಕೊಂಡು ದುಂಡಾಗುತ್ತದೆ. ಅದರೊಳಗೆ ಮೊದಲು ಕಾಣುವುದು ಹೊಳೆಯುವ ಸಣ್ಣ ಚುಕ್ಕಿಗಳು. ಫೋಕಸನ್ನು ಕೂದಲೆಳೆಯಷ್ಟು ತಿರುಗಿಸಿದರೆ ಚುಕ್ಕಿಯ ನಡು ಬೆಳಗುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಕಪ್ಪಾಗುತ್ತದೆ. ಅದೇ ಎಣ್ಣೆಯ ಗುರುತು. ಚುಕ್ಕಿಗಳು ನ್ಯೂಕ್ಲಿಯಸ್ಸಿನ ಸುತ್ತ ಮಾಲೆಯ ಹಾಗೆ ಕೂಡಿಕೊಳ್ಳುತ್ತವೆ. ಆಮೇಲೆ ಕೆಲವು ಒಂದರೊಳಗೊಂದು ಸೇರಿ ದೊಡ್ಡದಾಗುತ್ತವೆ. ಮೀಡಿಯಂ ಕೂಡ ಬೇಗ ಹಳದಿಗೆ ತಿರುಗತೊಡಗುತ್ತದೆ. ಕೊಬ್ಬಿನ ಕೋಶ ಸಕ್ಕರೆ ತಿಂದು ಆಮ್ಲ ಬಿಡುತ್ತಿದೆ ಅಂತ ಅರ್ಥ.

ಈ ಹಂತದಲ್ಲಿ ಮೀಡಿಯಂ ಬದಲಿಸುವ ಕೈ ಬಲು ಹಗುರ ಇರಬೇಕು. ಕೊಬ್ಬು ತುಂಬಿದ ಕೋಶ ತಳ ಬಿಟ್ಟು ಏಳುತ್ತದೆ. ಎದ್ದರೆ ತೇಲಿಹೋಗುತ್ತದೆ. ಅತಿ ಹೆಚ್ಚು ತುಂಬಿದ ಕೋಶವೇ ಮೊದಲು ಹೋಗುವುದರಿಂದ ಅಳತೆ ಒಂದೇ ದಿಕ್ಕಿಗೆ ವಾಲುತ್ತದೆ. ಪಿಪೆಟ್ ತುದಿಯನ್ನು ಗೋಡೆಗೆ ತಾಗಿಸಿ, ಅರ್ಧ ಮೀಡಿಯಂ ಮಾತ್ರ ತೆಗೆದು, ಅರ್ಧ ಹಾಕಿದೆವು.

ಬಣ್ಣ

ದಿನ 8. ಫಾರ್ಮಲಿನ್‌ನಲ್ಲಿ ಕೋಶಗಳನ್ನು ಇದ್ದ ಹಾಗೇ ಗಟ್ಟಿಮಾಡಿ, ಮೊದಲು ಹೋಎಕ್ಸ್ಟ್ ಬಣ್ಣ ಹಾಕಿ ನ್ಯೂಕ್ಲಿಯಸ್ಸುಗಳ ಚಿತ್ರ ತೆಗೆದುಕೊಂಡೆವು. ಆಮೇಲೆ ಕೊಬ್ಬಿಗೆ ಹಿಡಿಯುವ ಕೆಂಪು ಬಣ್ಣ, ಆಯಿಲ್ ರೆಡ್ ಓ. ಈ ಕ್ರಮ ಮುಖ್ಯ. ಒಂದು ವೆಲ್‌ನಲ್ಲಿ ಕೆಂಪು ಜಾಸ್ತಿ ಇದೆ ಅಂದರೆ ಎರಡು ಅರ್ಥ ಇರಬಹುದು. ಪ್ರತಿ ಕೋಶದಲ್ಲೂ ಕೊಬ್ಬು ಜಾಸ್ತಿ, ಇಲ್ಲವೇ ಕೋಶಗಳೇ ಜಾಸ್ತಿ. ನ್ಯೂಕ್ಲಿಯಸ್ ಎಣಿಸದೆ ಬರೀ ಕೆಂಪು ಅಳೆದರೆ ಇವೆರಡನ್ನು ಬಿಡಿಸಲು ಆಗುವುದಿಲ್ಲ. ಹಸಿವಿನ ಹಾರ್ಮೋನುಗಳ ವಿಷಯದಲ್ಲಿ ಈ ಗೊಂದಲವೇ ದೊಡ್ಡದು.

ಆಯಿಲ್ ರೆಡ್ ಓ ಪುಡಿಯನ್ನು 100 ಮಿಲಿಲೀಟರ್ ಐಸೊಪ್ರೊಪನಾಲ್‌ಗೆ 0.3 ಗ್ರಾಂ ಲೆಕ್ಕದಲ್ಲಿ ಕರಗಿಸಿಟ್ಟಿರುತ್ತೇವೆ. ಬಳಸುವ ಹೊತ್ತಿಗೆ ಆರು ಪಾಲು ಇದು, ನಾಲ್ಕು ಪಾಲು ನೀರು. ಸ್ವಲ್ಪ ಹೊತ್ತು ಬಿಟ್ಟು ಸೋಸಬೇಕು. ಸೋಸಿದ ಮೇಲೂ ಹೊತ್ತಾದರೆ ಹರಳು ಕೂರುತ್ತದೆ, ಆ ಹರಳು ಕೂಡ ಕೆಂಪು. ವೆಲ್‌ಗಳನ್ನು ಮೊದಲು 60% ಐಸೊಪ್ರೊಪನಾಲ್‌ನಲ್ಲಿ ತೊಳೆದು, ಬಣ್ಣ ಹಾಕಿ, ನೀರಿನಲ್ಲಿ ತೊಳೆದು ಚಿತ್ರ ತೆಗೆದೆವು. ಕೊನೆಗೆ ಶುದ್ಧ ಐಸೊಪ್ರೊಪನಾಲ್ ಹಾಕಿ ಬಣ್ಣವನ್ನು ಬಿಡಿಸಿ, 510 ನ್ಯಾನೊಮೀಟರಿನಲ್ಲಿ ಅಳೆದೆವು. ಪ್ಲಾಸ್ಟಿಕ್ ಕೂಡ ಸ್ವಲ್ಪ ಬಣ್ಣ ಹಿಡಿಯುತ್ತದೆ. ಅಂಚಿನ ಆ ನಾಲ್ಕು ಕೋಶವಿಲ್ಲದ ವೆಲ್‌ಗಳು ಇಲ್ಲಿ ಕೆಲಸಕ್ಕೆ ಬಂದವು. ಅವುಗಳ ಅಳತೆಯನ್ನು ಎಲ್ಲದರಿಂದ ಕಳೆದೆವು.

ಏನು ಕಂಡಿತು

ನ್ಯೂರೊಪೆಪ್ಟೈಡ್ ಪ್ಲೇಟಿನಿಂದ ಶುರು ಮಾಡುತ್ತೇನೆ, ಅದು ಹೆಚ್ಚು ಸ್ಪಷ್ಟವಾಗಿತ್ತು. ಅದರ ಜೋಡಿ ಪ್ಲೇಟನ್ನು ತಳ ತುಂಬುವ ಮುಂಚೆ ನಿಲ್ಲಿಸಿ ಎಣಿಸಿದಾಗ, ಸಿ ಸಾಲಿನಲ್ಲಿ ನ್ಯೂಕ್ಲಿಯಸ್ಸುಗಳು ಬಿ ಸಾಲಿಗಿಂತ ಜಾಸ್ತಿ ಇದ್ದವು. ದಿನ 8ರ ಹೊತ್ತಿಗೆ ಆ ವ್ಯತ್ಯಾಸ ಬಹುಪಾಲು ಅಳಿಸಿಹೋಗಿತ್ತು. ಯಾಕೆ ಅಂತ ಯೋಚಿಸಿದರೆ ಸರಳ. ಪ್ಲೇಟಿನ ತಳಕ್ಕೆ ಒಂದು ಮಿತಿ ಇದೆ. ಬೇಗ ತುಂಬಿದರೂ ನಿಧಾನ ತುಂಬಿದರೂ ಕೊನೆಗೆ ಅಷ್ಟೇ ಕೋಶ ಹಿಡಿಸುತ್ತವೆ. ಡಿ ಸಾಲಿನಲ್ಲಿ ಹಾಗಾಗಲಿಲ್ಲ. ಕಾಕ್‌ಟೇಲ್ ಕಾಲದಲ್ಲಿ ಕೋಶಗಳು ಒತ್ತಾಗಿದ್ದರೂ ಮತ್ತೆ ವಿಭಜನೆಯಾಗುತ್ತವೆ ಅಂದೆನಲ್ಲ, ಆ ಹೊತ್ತಿಗೆ ಬಂದ ಪೆಪ್ಟೈಡು ಹೆಚ್ಚು ಕೋಶಗಳನ್ನು ಉಳಿಸಿಹೋಯಿತು. ವೆಲ್ ಲೆಕ್ಕದಲ್ಲಿ ಕೆಂಪು ಹೆಚ್ಚಿತ್ತು. ನ್ಯೂಕ್ಲಿಯಸ್ಸಿಗೆ ಭಾಗಿಸಿದರೆ ಬಿ ಸಾಲಿನ ಆಸುಪಾಸೇ. ಅಂದರೆ ಇಲ್ಲಿ ಕೊಬ್ಬು ಹೆಚ್ಚಿದ್ದು ಕೋಶಗಳ ತಲೆ ಎಣಿಕೆಯಿಂದ.

ಗ್ರೆಲಿನ್‌ನದ್ದು ಬೇರೆ ಕಥೆ. ಡಿ ಸಾಲಿನಲ್ಲಿ ಬಿ ಸಾಲಿನಿಂದ ಬೇರೆ ಅಂತ ಹೇಳುವಂಥದ್ದು ಏನೂ ಇರಲಿಲ್ಲ, ಮೂರು ವೆಲ್‌ಗಳ ಏರಿಳಿತದೊಳಗೇ ಎಲ್ಲ ಮುಳುಗಿತ್ತು. ಇ ಸಾಲಿನಲ್ಲಿ ನ್ಯೂಕ್ಲಿಯಸ್ ಎಣಿಕೆ ಅಷ್ಟೇ ಇದ್ದು, ಪ್ರತಿ ನ್ಯೂಕ್ಲಿಯಸ್ಸಿಗೆ ಕೆಂಪು ಹೆಚ್ಚಿತ್ತು. ಚಿತ್ರಗಳಲ್ಲಿ ಹನಿಗಳೇ ದೊಡ್ಡವಾಗಿ ಕಂಡವು. ಬಾಲ ಇರುವುದು, ಇಲ್ಲದ್ದು, ಎರಡರಲ್ಲೂ. ತುಂಬಿದ ಕೋಶದಲ್ಲಿ ಕೊಬ್ಬು ಕರಗುವುದನ್ನು ಎರಡೂ ರೂಪಗಳು ತಗ್ಗಿಸುತ್ತವೆ ಅಂತ ಇಲಿಯ ಕೊಬ್ಬಿನ ಕೋಶಗಳಲ್ಲಿ ಮೊದಲೇ ಗೊತ್ತಿದೆ, ಇದು ಅದಕ್ಕೆ ಹೊಂದುತ್ತದೆ. ಎರಡು ರೂಪಗಳೂ ಒಂದೇ ಥರ ಕೆಲಸ ಮಾಡಿದವು ಅಂತ ಮಾತ್ರ ನಾನು ಹೇಳುವುದಿಲ್ಲ. ಬಾಲ ಇರುವ ವೆಲ್‌ಗಳಲ್ಲೂ ಸೀರಮ್ ಬಾಲ ಕತ್ತರಿಸುತ್ತಲೇ ಇತ್ತು ಅಲ್ವಾ? ಅಲ್ಲಿ ಕಂಡ ಪರಿಣಾಮ ಪೂರ್ತಿ ಬಾಲ ಇಲ್ಲದ ರೂಪದ್ದೇ ಇರಬಹುದು. ಹಿಮ್ಮುಖವಾಗಿ, ಅಂದರೆ ಬಾಲ ಇಲ್ಲದ್ದಕ್ಕೆ ಸೀರಮ್ಮಿನಲ್ಲೇ ಬಾಲ ಅಂಟುವುದು, ನಡೆಯುವಂಥದ್ದಲ್ಲ. ಬಾಲ ಅಂಟಿಸುವ ಕಿಣ್ವದ ಹೆಸರು ಗೋಟ್, 2008ರಲ್ಲಿ ಸಿಕ್ಕಿದ್ದು. ಅದು ಮುಖ್ಯವಾಗಿ ಜಠರ ಕರುಳಿನ ಕಡೆಯದು, ನಮ್ಮ ಸೀರಮ್ಮಿನ ಕೆಲಸವಲ್ಲ.

ಇದು ಇಲಿಯ ಒಂದು ಕೋಶಸಾಲು, ಪ್ಲಾಸ್ಟಿಕ್ ಮೇಲೆ, ರಕ್ತದ ಮಟ್ಟಕ್ಕಿಂತ ಹೆಚ್ಚಿನ ಹಾರ್ಮೋನಿನಲ್ಲಿ. ಮನುಷ್ಯರ ಹೊಟ್ಟೆಯ ಕೊಬ್ಬಿನ ಬಗ್ಗೆ ಇದರಿಂದ ಯಾರೂ ಊಟದ ಪಟ್ಟಿ ಬರೆಯಬಾರದು.

ಮುಂದಿನ ಪ್ಲೇಟ್

ನಕ್ಷೆ ಬರೆದಾಗಿದೆ. ನ್ಯೂರೊಪೆಪ್ಟೈಡ್‌ಗೆ ಈ ಸಲ ಡಿ ಸಾಲಿನ ಹೊತ್ತು ಮಾತ್ರ. ಒಂದು ಕಂಬಸಾಲಿಗೆ ಡಿಪಿಪಿ4 ತಡೆಯುವ ಸಿಟಗ್ಲಿಪ್ಟಿನ್, ಒಂದಕ್ಕೆ ವೈ1 ಮುಚ್ಚುವ ಬಿಐಬಿಪಿ 3226, ಒಂದಕ್ಕೆ ವೈ2 ಮುಚ್ಚುವ ಬಿಐಐಇ 0246. ಕೋಶ ಹೆಚ್ಚಿಸಿದ್ದು ಯಾವ ಬಾಗಿಲಿನಿಂದ ಅಂತ ಆಗ ಹೇಳಬಹುದು. ಪ್ರತಿ ಔಷಧಕ್ಕೂ ಪೆಪ್ಟೈಡ್ ಇಲ್ಲದ ವೆಲ್ ಬೇಕೇ ಬೇಕು, ಔಷಧವೇ ಏನಾದರೂ ಮಾಡುತ್ತಿದೆಯಾ ಅಂತ ತಿಳಿಯಲು.

ಗ್ರೆಲಿನ್‌ಗೆ ಇ ಸಾಲಿನ ಹೊತ್ತನ್ನೇ ಇಟ್ಟುಕೊಂಡು ಬೇರೆ ಬಗೆಯಲ್ಲಿ ಕೊಡುತ್ತೇವೆ. ಮೈಯಲ್ಲಿ ಗ್ರೆಲಿನ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ಊಟಕ್ಕೆ ಮುಂಚೆ ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ಹಾಗಾಗಿ ಅರ್ಧ ವೆಲ್‌ಗಳಿಗೆ ಸೀರಮ್ ಇಲ್ಲದ ಮೀಡಿಯಂನಲ್ಲಿ ಎರಡು ಗಂಟೆ ಮಾತ್ರ ಹಾರ್ಮೋನು, ಆಮೇಲೆ ತೊಳೆದು ಮಾಮೂಲಿ ಮೀಡಿಯಂ. ಉಳಿದ ಅರ್ಧಕ್ಕೆ ಈಗಿನ ಹಾಗೇ ಎಡೆಬಿಡದೆ. ಸೀರಮ್ ಇಲ್ಲದ ಎರಡು ಗಂಟೆಯಲ್ಲಿ ಬಾಲ ಬಹುಮಟ್ಟಿಗೆ ಉಳಿಯಬೇಕು. ಅದನ್ನೂ ಕಿಟ್‌ನಲ್ಲಿ ಅಳೆದೇ ನಂಬುತ್ತೇವೆ. ತೊಳೆಯುವಾಗ ಕೋಶ ಏಳುವ ಅಪಾಯ ಇರುವುದರಿಂದ, ಹಾರ್ಮೋನು ಸಿಗದ ವೆಲ್‌ಗಳನ್ನೂ ಅದೇ ಕೈಯಲ್ಲಿ, ಅಷ್ಟೇ ಸಲ ತೊಳೆಯಬೇಕು.

ಹೊಸ ಸೀರಮ್ ಬ್ಯಾಚ್ ಬಂದಿದೆ. ಹಾಗಾಗಿ ಇವೆಲ್ಲಕ್ಕೂ ಮೊದಲು ಐಬಿಎಂಎಕ್ಸ್ ಮೆಟ್ಟಿಲು ಮತ್ತೆ ಇಳಿಯಬೇಕು. ಅದಕ್ಕೆ ಬೇಕಾದ ಕೋಶಗಳನ್ನು ಹಂಚಿ ಇಟ್ಟಾಗಿದೆ.